ಎಡಗಡೆಯ ಗಾಜು

ಮೂರು ಗಾಜು ಮುಗಿಸಿ ನಾಲ್ಕನೆಯದಕ್ಕೆ ಬಿಸಿನೀರಿನ ಬಟ್ಟೆ ಒತ್ತಿದಾಗ ಕಾತ್ಯಾಯಿನಿಯ ಮುಂಗೈ ಮೇಲೆ ಒಂದು ಚುಕ್ಕೆ ಬಿಸಿಲು ಬಿತ್ತು. ಫಿಯೆಟ್ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಕೂತಿದ್ದವಳು ಕೈ ಸರಿಸಿದಳು. ಚುಕ್ಕೆ ಸೀರೆಯ ಮೇಲೆ ಇಳಿಯಿತು. ಗಾಜಿಗೆ ಅಂಟಿದ್ದ ಕಪ್ಪು ಕೂಲಿಂಗ್ ಪೇಪರಿನ ಕೆಳಮೂಲೆಯಲ್ಲಿ ಹುಣಿಸೆಬೀಜದಷ್ಟು ತೂತು. ತಾನಾಗಿ ಹರಿದದ್ದಲ್ಲ. ಯಾರೋ ದಿನಾ ಕೂತು ಅಂಚು ನಯವಾಗುವ ಹಾಗೆ ಕೆರೆದದ್ದು.

ನಾಡಿದ್ದು ಕಿರಿಯ ಮಗಳ ಮದುವೆ. ವರನನ್ನು ಛತ್ರಕ್ಕೆ ಕರೆತರುವುದು ಇದೇ ಕಾರಿನಲ್ಲಿ. ಹೂವು ಕಟ್ಟಿದ ಕಾರಿನಲ್ಲಿ ಬರುವಾಗ ಹುಡುಗನ ಮುಖ ಬೀದಿಗೆಲ್ಲ ಕಾಣಬೇಕು, ಆ ಕಪ್ಪು ಬೇಡ ಎಂದು ಬೀಗಿತ್ತಿ ಹೇಳಿ ಕಳಿಸಿದ್ದರು. ಅಂಗಡಿಯವರು ಬ್ಲೇಡು ಹಾಕಿ ಗಾಜು ಗೀಚಿಬಿಡುತ್ತಾರೆಂದು ಕಾತ್ಯಾಯಿನಿಯೇ ಕೆಲಸಕ್ಕೆ ಇಳಿದಿದ್ದಳು. ಹಾರ್ಲಿಕ್ಸ್ ಬಾಟಲಿಯ ಚೀಟಿ ನೆನೆಸಿ ಬಿಡಿಸಿದ ಕೈ ಅದು. ತುದಿ ಎದ್ದ ಮೇಲೆ ಆತುರಪಡದೆ ಎಳೆಯಬೇಕು, ಅಷ್ಟೆ.

ಹಿರಿಯ ಮಗಳು ವಿಮಲಾ ಗಂಡನನ್ನು ಕಳೆದುಕೊಂಡು ಜಯನಗರದ ಈ ಮನೆಗೆ ವಾಪಸು ಬಂದ ವರ್ಷ ಅವಳ ತಂದೆ ಜಯಸಿಂಹರಾಯರು ಆ ಪೇಪರು ಹಾಕಿಸಿದ್ದರು. ಹುಡುಗಿಗೆ ಬಿಸಿಲು ತಾಗಬಾರದು ಎಂದಿದ್ದರು. ಅದಕ್ಕೆ ಒಂದು ವಾರ ಮೊದಲು ಎದುರುಮನೆಯವರು ಮಗನನ್ನು ಇಂಟರ್‌ವ್ಯೂಗೆ ಕಳಿಸುವಾಗ, ಕಾರಿನಲ್ಲಿ ವಿಮಲಾ ಎದುರಾದಳೆಂದು, ಅವನನ್ನು ಒಳಕ್ಕೆ ಕರೆದು ಕೂರಿಸಿ, ನೀರು ಕುಡಿಸಿ, ಆಮೇಲೆ ಕಳಿಸಿದ್ದರು. ಅದನ್ನು ಮನೆಯವರೆಲ್ಲ ನೋಡಿದ್ದರು. ಅಲ್ಲಿಂದೀಚೆಗೆ ವಿಮಲಾ ಬನಶಂಕರಿಯ ಶಾಲೆಗೆ ಪಾಠ ಹೇಳಲು ಹೋಗುವುದು, ಬರುವುದು, ಎರಡೂ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತೇ. ಗಾಜು ಇಳಿಸಿದರೆ ಪೇಪರು ಸುಕ್ಕಾಗುತ್ತದೆಂದು ರಾಯರು ಆ ಬಾಗಿಲಿನ ಗಾಜು ಇಳಿಸುವ ಹಿಡಿಯನ್ನೇ ಬಿಚ್ಚಿಟ್ಟಿದ್ದರು.

ಬಿಸಿನೀರಿನ ಪಾತ್ರೆ ಹಿಡಿದು ಬಂದ ವಿಮಲಾ, ತಾಯಿಯ ಬೆರಳು ತೂತಿನ ಮೇಲಿರುವುದನ್ನು ಕಂಡು ನಿಂತಳು. ಕೇಳುವ ಮೊದಲೇ ಹೇಳಿದಳು.

"ನಾನೇ ಅಮ್ಮ. ಹೇರ್‌ಪಿನ್ನಲ್ಲಿ."

"ಯಾಕೆ?"

"ಇದರೊಳಗಿಂದ ಎಲ್ಲಾ ಬೂದಿ ಬಣ್ಣ ಕಾಣುತ್ತೆ. ಫೋರ್ತ್ ಬ್ಲಾಕಿನ ಹೂವಿನ ಅಂಗಡಿ ಹತ್ರ ಬಂದಾಗ ಬಗ್ಗಿ ನೋಡ್ತಿದ್ದೆ. ಇವತ್ತು ಸೇವಂತಿಗೆ ಹಳದಿ ಬಂದಿದೆಯೋ, ಬಿಳಿಯೋ ಅಂತ."

ಅವಳು ಸುಮ್ಮನೆ, ಹವಾಮಾನ ವರದಿ ಓದುವವಳ ಹಾಗೆ ಹೇಳಿದಳು. ಇಷ್ಟು ವರ್ಷ ಕಾತ್ಯಾಯಿನಿ ಅದೇ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಗಾಜು ಇಳಿಸಿ, ಗಾಳಿ ಕುಡಿದುಕೊಂಡು ಬಂದಿದ್ದಳು.

ಅಷ್ಟರಲ್ಲಿ ರಾಯರು ಮೆಟ್ಟಿಲಿಳಿದು ಬಂದರು. ಇನ್ನೂ ಒಂದು ಉಳಿದಿದೆಯಲ್ಲ, ಹೂವಿನವನು ಅಳತೆ ತೆಗೆಯಲು ಬರುತ್ತಾನೆ ಎಂದು ಅವಸರ ಮಾಡಿದರು. ವಿಮಲಾಗೆ ಸಂಜೆಯೇ ತ್ಯಾಗರಾಜನಗರದ ಸೋದರತ್ತೆಯ ಮನೆಗೆ ಹೊರಡಲು ಹೇಳಿದರು. ಧಾರೆ ಮುಗಿದ ಮೇಲೆ ಯಾರಾದರೂ ಆಟೋದಲ್ಲಿ ಹೋಗಿ ಕರೆತರುತ್ತಾರಂತೆ, ಊಟಕ್ಕೆ. ವಿಮಲಾ ತಲೆಯಾಡಿಸಿದಳು. ಹೆಂಡತಿ ತೂತನ್ನು ತೋರಿಸಿದಾಗ ರಾಯರು ಬಗ್ಗಿ ನೋಡಿ ನಕ್ಕರು.

"ಹೋಗ್ಲಿ ಬಿಡು, ಹೇಗೂ ಕೀಳೋದು ತಾನೆ. ಮದುವೆ ಮುಗೀಲಿ, ಹೊಸದು ಹಾಕಿಸ್ತೀನಿ. ಅಂಗಡೀಲಿ ಹೇಳಿ ಬಂದಿದೀನಿ."

ಕಾತ್ಯಾಯಿನಿ ಒದ್ದೆ ಬಟ್ಟೆಯನ್ನು ಹಿಂಡಿದಳು. ಹನಿ ಉಳಿಯದಷ್ಟು ಹಿಂಡಿದಳು. ಕಾರಿನಿಂದ ಇಳಿದು, ಅದನ್ನು ರಾಯರ ಹೆಗಲ ಮೇಲೆ, ಇಸ್ತ್ರಿ ಮಾಡಿದ ಜುಬ್ಬಾದ ಮೇಲೆ ಹಾಕಿದಳು.

"ಇದೊಂದನ್ನ ನಾನು ಕೀಳೋಲ್ಲ."

"ಬೀಗರು ಕೇಳಿದ್ರೆ ಏನು ಹೇಳಲಿ?"

"ನಮ್ಮ ದೊಡ್ಡ ಮಗಳಿಗೆ ನಾವು ಬಿಟ್ಟಿದ್ದ ಕಿಟಕಿ ಇದು ಅಂತ ಹೇಳಿ. ಅಳಿಯಂದಿರು ಅಲ್ಲೇ ಕೂತು ಅದರಲ್ಲೇ ಬೀದಿ ನೋಡಲಿ."

ಬೀದಿಯಲ್ಲಿ ನಿಂತು ಕೂಗಾಡಬೇಡ ಎಂದರು ರಾಯರು. ಅವಳು ಕೂಗಿರಲಿಲ್ಲ. ಕೂಗಿದ್ದು ಅವರೇ. ಲೋಕ ಏನನ್ನುತ್ತದೆ, ಕಿರಿಯವಳ ಬಾಳಿಗೆ ನೀನೇ ಕಲ್ಲು ಹಾಕುತ್ತೀಯಾ ಎಂದರು. ಮದುವೆಗೆಂದು ಬಂದಿಳಿದಿದ್ದ ನೆಂಟರು ಮನೆಯ ಕಿಟಕಿಯಲ್ಲಿ ಒಬ್ಬರ ಹಿಂದೆ ಒಬ್ಬರು ತಲೆ ಹಾಕಿದರು. ಕಾತ್ಯಾಯಿನಿ ಎಲ್ಲ ಮುಗಿಯುವವರೆಗೆ ಕಾದಳು.

"ಧಾರೆಗೆ ನೀರು ಬಿಡೋಳು ನಾನು ಅಲ್ವೇ? ವಿಮಲಾ ನನ್ನ ಪಕ್ಕದಲ್ಲಿ ನಿಂತಿಲ್ಲ ಅಂದ್ರೆ ಚೊಂಬು ಎತ್ತೋಲ್ಲ. ಬೇರೆ ಯಾರ ಕೈಲಿ ಬಿಡಿಸ್ತೀರೋ ಬಿಡಿಸಿ."

ರಾಯರು ದಡದಡನೆ ಒಳಗೆ ಹೋಗಿ ಗಡ್ಡ ಹೆರೆಯುವ ಬ್ಲೇಡು ತಂದು, ಹೆಂಡತಿಯನ್ನು ಸರಿಸಿ, ತಾವೇ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತರು. ಅವಳು ಬಾಗಿಲು ಹಾಕಿದಳು. ಒಳಗಿನಿಂದ ಗಾಜು ಗೀಚುವ ಸದ್ದು ಒಂದೆರಡು ಸಲ ಕೇಳಿತು. ಆಮೇಲೆ ನಿಂತಿತು.

ಹೊರಗಿನಿಂದ ನೋಡಿದರೆ ಕಪ್ಪು ಪೇಪರಿನ ಹಿಂದೆ ರಾಯರು ಬರೀ ನೆರಳು. ಕೆಳಮೂಲೆಯ ತೂತಿನಲ್ಲಿ ಮಾತ್ರ ಒಂದು ಕಣ್ಣು ಇತ್ತು, ಮಿಟುಕುತ್ತಿತ್ತು. ವಿಮಲಾ ಬಿಸಿನೀರಿನ ಪಾತ್ರೆಯನ್ನು ನೆಲಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆ ಕಣ್ಣಿಗೆ ನೇರ ಎದುರಾಗಿ ಹೋಗಿ ನಿಂತಳು.