ಕೆಂಪು ದಾರಿಯಲ್ಲಿ ಕೊಡವಿದ ಕೈ

ತಮ್ಮನ ಕೈ ಬಿಡಬೇಡ ಎಂದು ಅಮ್ಮ ಹೇಳಿದ್ದಳು, ನಾನು ಬಿಟ್ಟೆ. ಟೊರೊಂಟೊದ ಎಟೋಬಿಕೋಕ್‌ ಬಡಾವಣೆಯ ನಮ್ಮ ಗರಾಜಿನಲ್ಲಿ ಸೈಕಲ್ ಚೈನಿನ ಎಣ್ಣೆಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಟೊರೊಂಟೊದಿಂದ ಮೈಸೂರಿಗೆ ಹೊರಟಿದ್ದ ನಾವು ಆಮ್‌ಸ್ಟರ್‌ಡ್ಯಾಮಿನಲ್ಲಿ ಮುಂದಿನ ವಿಮಾನಕ್ಕೆ ಇಡೀ ಹಗಲು ಕಾಯಬೇಕಿತ್ತು. "ಪುಕ್ಕಟೆ ಯುರೋಪ್ ಟ್ರಿಪ್ಪು," ಎಂದು ಅಪ್ಪ ನಮ್ಮನ್ನು ಊರೊಳಗೆ ನಡೆಸಿಕೊಂಡು ಹೊರಟರು. ನನಗೆ ಹನ್ನೊಂದು, ತಮ್ಮನಿಗೆ ಐದು. ಒರಟು ಇಟ್ಟಿಗೆಯ ಬೀದಿಯ ಪಕ್ಕದಲ್ಲೇ ನುಣ್ಣನೆಯ ಕೆಂಪು ದಾರಿಯಿತ್ತು. ಟೊರೊಂಟೊದಲ್ಲಿ ಆಗ ನಮ್ಮ ಮನೆಯಿದ್ದ ಸ್ಕಾರ್‌ಬರೋದಲ್ಲಿ ನಾವು ಫುಟ್‌ಪಾತಿನ ಮೇಲೇ ಸೈಕಲ್ ಹೊಡೆದವರು. ಸೈಕಲ್ಲಿಗೇ ಒಂದು ರಸ್ತೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

"ನಡೆಯೋರಿಗೇ ಮಾಡಿರೋದು, ಬನ್ನಿ," ಎಂದರು ಅಪ್ಪ.

ಹಿಂದಿನಿಂದ ಸೈಕಲ್ಲಿನವರು ಬೆಲ್ಲು ಬಾರಿಸುತ್ತಲೇ ಇದ್ದರು. "ಏನು ಅವಸರವೋ ಈ ಜನಕ್ಕೆ," ಎಂದು ಅಮ್ಮ ಗೊಣಗಿದಳು. ಚಪಾತಿ ಡಬ್ಬದ ಚೀಲ ನನ್ನ ಹೆಗಲನ್ನು ಕೊರೆಯುತ್ತಿತ್ತು. "ಅಕ್ಕಾ, ಐ ಆಮ್ ಟಯರ್ಡ್," ಎಂದು ತಮ್ಮ ನನ್ನ ತೋಳಿಗೆ ಜೋತುಬಿದ್ದ. ಸಿಟ್ಟು ಬಂದು ಅವನ ಕೈಯನ್ನು ಕೊಡವಿಬಿಟ್ಟೆ. ಅವನು ತೂರಾಡಿ ಪಕ್ಕಕ್ಕೆ ಹೋದ, ಸೈಕಲ್ಲೊಂದು ಬಂದು ಬಡಿಯಿತು. ತುಟಿ ಸೀಳಿ ರಕ್ತ ಬಂತು.

"ಕೈ ಬಿಡಿಸ್ಕೊಂಡು ಓಡ್ದ," ಎಂದೆ. ಅಪ್ಪ ರಕ್ತ ಒರೆಸುತ್ತಲೇ ಅವನ ಬೆನ್ನಿಗೊಂದು ಕೊಟ್ಟರು. ಆಮೇಲೆ ಎಷ್ಟೋ ವರ್ಷ, ನೆಂಟರು ಬಂದಾಗಲೆಲ್ಲ ಅದೇ ಕಥೆ ಹೇಳಿ ನಗುತ್ತಿದ್ದರು. ತಮ್ಮನೂ ಅದನ್ನೇ ನಂಬಿದ.

ಕಳೆದ ವಾರ ಅವನು ತುಟಿಯ ಗುರುತು ತೋರಿಸಿ ತನ್ನ ಮಗಳಿಗೆ, "ತಾತನ ಮಾತು ಕೇಳ್ದೆ ಓಡ್ಬಿಟ್ಟಿದ್ದೆ, ಸೀ?" ಎನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ನೀನು ಓಡ್ಲಿಲ್ಲ ಕಣೋ. ನಾನೇ ಕೈ ಕೊಡವಿದ್ದು. ತಪ್ಪಾಯ್ತು," ಎಂದೆ.