ಸೋಲುವ ಜಾಣ್ಮೆ

ಇಸ್ಪೀಟಿನಲ್ಲಿ ಗೆಲ್ಲುವಂಥ ಜೋಡಿ ರಾಜ ಬಂದಿತ್ತು. ದಯಾನಂದ ಎರಡೂ ಎಲೆಗಳನ್ನು ಮಗುಚಿ ದೂರ ತಳ್ಳಿದ. "ನನ್ನ ಹತ್ರ ಎಂತದೂ ಇಲ್ಲ ಧಣಿ," ಎಂದು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರನ್ನು ಅವನು ಹನ್ನೊಂದು ವರ್ಷ ತಿದ್ದಿ ತೀಡಿದ್ದ.

2012ರ ದೀಪಾವಳಿ ಅಮಾವಾಸ್ಯೆ, ಮಧ್ಯಾಹ್ನ. ಡೊಂಬಿವಲಿ ಸ್ಟೇಷನ್ ಪಕ್ಕದ ಹೋಟೆಲಿನ ಶಟರ್ ಅರ್ಧ ಇಳಿದಿತ್ತು. ವರ್ಷಕ್ಕೊಂದು ದಿನ ಧಣಿ ಸರ್ವೋತ್ತಮ ಶೆಟ್ಟರು ಕೆಲಸದವರನ್ನೆಲ್ಲ ಕೂರಿಸಿ ಪೋಕರ್ ಪಂದ್ಯ ನಡೆಸುತ್ತಿದ್ದರು. ದುಡ್ಡಿನ ಮಾತಿಲ್ಲ. ಎಲ್ಲರಿಗೂ ಸಮನಾಗಿ ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆ ಮುಗಿದವನು ಏಳಬೇಕು. ಹದಿನಾಲ್ಕು ಮಂದಿಯಲ್ಲಿ ಈಗ ಉಳಿದವರು ಮೂವರೇ: ಧಣಿ, ಮ್ಯಾನೇಜರ್ ದಯಾನಂದ, ಮೂರು ವರ್ಷದ ಹಿಂದೆ ಬಂದು ಗಲ್ಲಾದಲ್ಲಿ ಕೂತ ಶೇಖರ.

ಗೆಲ್ಲುವುದಕ್ಕೆ ಅದೃಷ್ಟ ಸಾಕು, ಅನ್ನ ಕೊಡುವವನಿಗೆ ಸೋಲುವುದಕ್ಕೆ ತಲೆ ಬೇಕು. ಇದು ದಯಾನಂದನ ವೇದಾಂತ. ಬೇಗ ಸೋತರೆ ದಡ್ಡನಾಗುತ್ತಾನೆ, ಗೆದ್ದರೆ ಕಣ್ಣಿಗೆ ಬೀಳುತ್ತಾನೆ. ಕೊನೆಯವರೆಗೆ ಏಗಿ, ಆಮೇಲೆ ಸೋಲಬೇಕು. ಅವನು ಸೋತಾಗಲೆಲ್ಲ ಧಣಿ ಲೊಚಗುಟ್ಟಿ ಅವನ ಕೈಯನ್ನೊಮ್ಮೆ ನೋಡುತ್ತಿದ್ದರು. ಹೊರಗೆ ಅಯ್ಯೋ ಪಾಪ, ಒಳಗೆ ಖುಷಿ, ಎಂದು ದಯಾನಂದ ಓದಿಕೊಂಡಿದ್ದ. ಮುಖ ಓದುವುದರಲ್ಲಿ ಅವನು ಪಳಗಿದ ಕೈ.

ಈ ಸಲ ಸೋಲಲೇಬೇಕಿತ್ತು. ಅಂಬರನಾಥದಲ್ಲಿ ಧಣಿಯ ಹೊಸ ಹೋಟೆಲು ನಾಳೆ ಪಾಡ್ಯಕ್ಕೆ ತೆರೆಯುವುದಿತ್ತು. ಅದನ್ನು ನಡೆಸುವವನಿಗೆ ಮೇಲೆ ಎರಡು ಕೋಣೆಯ ಮನೆ. ಹೆಂಡತಿ ಲೋಲಾಕ್ಷಿ ಮಗಳನ್ನು ಕಟ್ಟಿಕೊಂಡು ಹನ್ನೊಂದು ವರ್ಷದಿಂದ ಕಾರ್ಕಳದಲ್ಲಿ ಅಣ್ಣನ ಹಂಗಿನಲ್ಲಿದ್ದಳು. ಇವನಿಗೆ ಇಲ್ಲಿ ಸ್ಟಾಫ್ ರೂಮಿನಲ್ಲಿ ಆರು ಜನರ ನಡುವೆ ಒಂದು ಚಾಪೆ. ಸಾಕೋ ಸಾಕಾಗಿತ್ತು.

"ಇವತ್ತಾದ್ರೂ ಹೇಳ್ತಾರಾ ನಿಮ್ಮ ಧಣಿ?" ಎಂದು ಅವಳು ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದಳು.

"ಹೇಳ್ತಾರೆ. ನೀನು ಪೆಟ್ಟಿಗೆ ಕಟ್ಟು," ಎಂದಿದ್ದ.

ಶೇಖರನ ಚಿಂತೆ ಅವನಿಗಿರಲಿಲ್ಲ. ಎಲೆಗಳಲ್ಲಿ ಕಳಾವರ್ ಯಾವುದು, ಇಸ್ಪೀಟ್ ಯಾವುದು ಎಂದು ಇನ್ನೂ ಕೇಳುವ ಆಸಾಮಿ. ಹೊಸ ಕಾಫಿ ಯಂತ್ರ ಬಂದಾಗ ಮೊದಲ ಲೋಟವನ್ನು ಧಣಿ ಅವನಿಂದಲೇ ಹಿಡಿಸಿದ್ದರು. ಸಣ್ಣ ಕೆಲಸ ಸಣ್ಣವರಿಗೆ ಎಂದು ದಯಾನಂದ ತಲೆ ಕೆಡಿಸಿಕೊಂಡಿರಲಿಲ್ಲ.

ಮುಂದಿನ ಆಟದಲ್ಲಿ ಎರಡು, ಏಳು ಬಂತು. ಇದಕ್ಕಿಂತ ಕಳಪೆ ಎಲೆ ಇಲ್ಲ. ದಯಾನಂದ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ. ಧಣಿ ಜೋಡಿ ಹತ್ತು ತೋರಿಸಿದರು. ಇಬ್ಬರಿಗೂ ಸೇರುವ ನಡುವಿನ ಐದು ಎಲೆಗಳಲ್ಲಿ ಮೊದಲು ಬಿದ್ದದ್ದೇ ಎರಡರ ಎಲೆ. ಇನ್ನೊಂದು ಎರಡು ಬಿದ್ದರೆ ದಯಾನಂದ ಗೆದ್ದೇಬಿಡುತ್ತಿದ್ದ. ದೇವರು ದೊಡ್ಡವನು, ಮತ್ತೇನೂ ಬರಲಿಲ್ಲ.

"ಎಂತ ದಯಾನಂದ, ಈ ಸಲವೂ ಇಲ್ವಾ?" ಧಣಿ ಲೊಚಗುಟ್ಟಿದರು.

"ನಿಮ್ಮೆದುರು ಆಡಿ ಗೆಲ್ಲಲಿಕ್ಕುಂಟಾ ಧಣಿ?" ಎನ್ನುತ್ತ ಅವನು ಎದ್ದು ಗೋಡೆಗೊರಗಿದ.

ಆಮೇಲೆ ಶೇಖರ ಎಲೆ ನೋಡದೆಯೇ ಎಲ್ಲವನ್ನೂ ತಳ್ಳಿದ. ಮೂರು ಸಲ ತಳ್ಳಿದ, ಮೂರು ಸಲವೂ ಕೊನೆಯ ಎಲೆ ಅವನಿಗೇ ಒದಗಿತು. ಧಣಿಯ ಬಿಲ್ಲೆ ಖಾಲಿ. ಕೂತವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾಪ, ಇವನ ಕೆಲಸ ಹೋಯಿತು ಎಂದು ದಯಾನಂದನಿಗೆ ನಿಜವಾಗಿಯೂ ಕನಿಕರವಾಯಿತು.

ಧಣಿ ನಕ್ಕರು. "ದಯಾನಂದ, ಅಂಬರನಾಥದ ಬೀಗದ ಕೈ ತಾ."

ದಯಾನಂದ ಓಡಿದ. ಕಪಾಟಿನಿಂದ ತಂದು ಎರಡೂ ಕೈಯಲ್ಲಿ ಹಿಡಿದ. ಧಣಿ ಅದನ್ನು ತೆಗೆದು ಶೇಖರನ ಅಂಗೈಯಲ್ಲಿಟ್ಟರು.

"ನಾಳೆ ಬಾಗಿಲು ನೀನೇ ತೆಗಿ. ಇನ್ನು ಆ ಹೋಟೆಲು ನಿಂದು."

ಎಲ್ಲರೂ ಊಟಕ್ಕೆದ್ದರು. ದಯಾನಂದ ಹರಡಿದ್ದ ಎಲೆಗಳನ್ನು ಒಟ್ಟುಮಾಡುತ್ತ ಅಲ್ಲೇ ಉಳಿದ. ಲೋಲಾಕ್ಷಿಗೆ ಏನು ಹೇಳುವುದು? ಧಣಿ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಬೇಸರ ಮಾಡ್ಬೇಡ ಮಾರಾಯ. ಕೆಲಸದಲ್ಲಿ ನಿನಗೆ ಸಾಟಿ ಇಲ್ಲ, ಗೊತ್ತುಂಟು ನಂಗೆ. ಆದ್ರೆ ಹೊಸ ಹೋಟೆಲಿಗೆ ಕೈಗುಣ ನೋಡ್ಬೇಕಲ್ಲ? ನಾನು ಈ ಆಟ ಇಡುವುದೇ ಅದಕ್ಕೆ. ಹನ್ನೊಂದು ವರ್ಷ ಕಾದೆ, ಒಂದೇ ಒಂದು ಸಲ ನೀನು ಗೆಲ್ಲಲಿ ಅಂತ."