ಸೀಳಿದ ಕೀಬೋರ್ಡ್

ಮಾರ್ವಾ ಕೈಚೀಲವನ್ನು ಮೇಜಿನ ಮೇಲಿಡಲು ಹೋದಳು. ಇಡಲಿಲ್ಲ. ಅಲ್ಲಿ ಅದು ಕೂತಿತ್ತು.

ಹುರಿಯಲು ಸೀಳಿದ ಹಾರುಮೀನಿನಂತೆ ನಡುವೆ ಬಿಚ್ಚಿಕೊಂಡ ಕೀಬೋರ್ಡ್. ಎಡಕ್ಕೊಂದು ಹೋಳು, ಬಲಕ್ಕೊಂದು ಹೋಳು, ಮುಂದೆ ಮಣಿಕಟ್ಟು ಊರಲು ದಪ್ಪನೆಯ ದಿಂಬು. ಒತ್ತಿ ಒತ್ತಿ ಕೈ ಕೆಟ್ಟವರಿಗೆಂದೇ ಮಾಡಿದ್ದು.

ಎಂಬತ್ತು ಹೆಂಗಸರ ಎಂಟುನೂರು ಬೆರಳುಗಳು ಒಂದು ಕ್ಷಣ ನಿಂತವು. ಮತ್ತೆ ಶುರುವಾದವು. ದ್ವೀಪದ ಊರಾದ ಬ್ರಿಜ್‌ಟೌನಿನ ಆ ಟೈಪಿಂಗ್ ಹಾಲ್‌ನಲ್ಲಿ ಬೆರಳು ನಿಂತರೆ ಸಮುದ್ರ ನಿಂತಂತೆ. ಅಂದರೆ ಎಲ್ಲರೂ ನೋಡಿದ್ದಾರೆ.

ಕೈನೋವಿಗೆಂದು ಯಾರನ್ನೂ ಅಲ್ಲಿ ಕೆಲಸದಿಂದ ತೆಗೆದದ್ದಿಲ್ಲ, ಹಾಗೆಂದು ಹೇಳುತ್ತಾರೆ. ಮೊದಲು ಈ ಕೀಬೋರ್ಡ್ ಬರುತ್ತದೆ, ಮದುವೆಗೆ ಕರೆಯುವಷ್ಟು ಮರ್ಯಾದೆಯಿಂದ. ಆಮೇಲೆ ‘ಪಾಪ, ಸ್ವಲ್ಪ ವಿಶ್ರಾಂತಿ ತಗೋ’ ಎಂಬ ಮಾತು. ಆಮೇಲೆ ಬಾಗಿಲು. ಹೋದ ವರ್ಷ ಮೂವರಿಗೆ ಬಂದಿತ್ತು. ಒಬ್ಬಳು ಈಗ ಬಸ್ ಸ್ಟ್ಯಾಂಡಿನಲ್ಲಿ ಕೊಬ್ಬರಿ ಮಿಠಾಯಿ ಮಾರುತ್ತಾಳೆ. ಉಳಿದಿಬ್ಬರಿಗೆ ಮಿಠಾಯಿ ತಿರುವುವಷ್ಟೂ ಕೈ ಉಳಿದಿಲ್ಲ.

ಮಾರ್ವಾಳ ಬಲಗೈ ಕೆಟ್ಟು ಆರು ತಿಂಗಳಾಗಿತ್ತು. ಬೆಳಗ್ಗೆ ಎದ್ದರೆ ಬೆರಳುಗಳು ಸತ್ತ ಏಡಿಯ ಕಾಲುಗಳು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಇಬ್ಬರ ಹೊಟ್ಟೆಗೂ ಈ ಕೆಲಸವೊಂದೇ. ಆದ್ದರಿಂದ ಕೈಯ ವಿಷಯ ಗುಟ್ಟು. ಗುಟ್ಟು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ, ಪಕ್ಕದ ಸೀಟಿನ ಯೂಲೀನಳಿಗೆ.

ಹನ್ನೊಂದು ವರ್ಷದ ಗೆಳತಿ. ದಿನಾ ಮಧ್ಯಾಹ್ನ ಬಚ್ಚಲಿನ ಬಾಗಿಲು ಹಾಕಿ, ಮಾರ್ವಾಳ ಕೈಗೆ ಬೇ ರಮ್ ಎಂಬ ನೋವಿನ ಔಷಧಿ ಸುರಿದು ತಿಕ್ಕುತ್ತಿದ್ದವಳು. ಲಾವಂಚದ ಹುಲ್ಲು ತುಂಬಿ ಪುಟ್ಟ ಕೈದಿಂಬು ಹೊಲಿದುಕೊಟ್ಟವಳು.

"ನೀನಾ ಹೇಳಿದ್ದು?" ಮಾರ್ವಾ ಪಿಸುಗುಟ್ಟಿದಳು.

ಯೂಲೀನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬೆಳ್‌ಬೆಳಗ್ಗೆ ಪೊಲೀಸ್ ಥರ ಕೇಳ್ಬೇಡ ಕಣೆ. ಕೂತ್ಕೋ. ಒತ್ತಿ ನೋಡು, ಬೆಣ್ಣೆ ಒತ್ತಿದಂಗಿದೆ."

"ನಿಂಗೆ ಹೆಂಗೆ ಗೊತ್ತು?"

"ಒತ್ತಿ ನೋಡಿದ್ದೆ."

"ನನ್ನ ಮಾರ್ಬಿಟ್ಯಲ್ಲೇ!"

"ನಿನ್ನ ಯಾರೇ ಕೊಂಡ್ಕೋತಾರೆ? ಗಾಜಿನ ಕೋಣೆಯಿಂದ ಗಿಟ್ಟೆನ್ಸ್ ಮೇಡಂ ನೋಡ್ತಿದ್ದಾಳೆ. ಬಾಯಿ ಮುಚ್ಚಿ ಕೈ ಆಡ್ಸು."

ಅಷ್ಟರಲ್ಲಿ ಯೂಲೀನಳ ಯಂತ್ರ ಕೀಂ ಎಂದಿತು. ಈಚೆಗೆ ಅದು ಮಳೆ ಕಂಡ ಕಪ್ಪೆಯಂತೆ ದಿನವಿಡೀ ಅರಚುತ್ತಿತ್ತು. ಅಲ್ಲಿಗೆ ಬರುವ ಪ್ರತಿ ವಿಮಾನ ಟಿಕೆಟಿನ ವಿವರವನ್ನೂ ಕಂಪ್ಯೂಟರಿಗೆ ಎರಡು ಸಲ ಒತ್ತಬೇಕು: ಮೊದಲು ಮಾರ್ವಾ, ಅದನ್ನೇ ಮತ್ತೆ ಯೂಲೀನ್. ಎರಡೂ ತಾಳೆಯಾಗದಿದ್ದರೆ ಕೀಂ. ಆಗ ಎರಡನೆಯವಳು ಟಿಕೆಟ್ ನೋಡಿ ತಪ್ಪು ಯಾರದೆಂದು ಗುರುತು ಹಾಕಬೇಕು; ಅವಳು ಗುರುತು ಹಾಕಿದ ನಂಬರಿಗೆ ಕೆಂಪು ಚುಕ್ಕೆ. ಗೋಡೆಯ ಪಟ್ಟಿಯಲ್ಲಿ ಯೂಲೀನಳ ಸಾಲಿಗೆ ದಡಾರವೇ ಎದ್ದಿತ್ತು. ಮಾರ್ವಾಳ ಸಾಲು ತೊಳೆದ ತಟ್ಟೆ.

"ಕಣ್ಣು ಮಂಜಾಯ್ತೇನೇ ಅಜ್ಜಿ?" ಎಂದು ಮಾರ್ವಾ ಎಷ್ಟೋ ಸಲ ರೇಗಿಸಿದ್ದಳು.

"ಹೂಂ ಕಣೆ, ನಿನ್ನ ನೋಡೀ ನೋಡೀ," ಎಂದು ಯೂಲೀನ್ ನಗುತ್ತಿದ್ದಳು.

ಮಾರ್ವಾಳಿಗೆ ಈಗ ಎಲ್ಲ ಹೊಳೆಯಿತು. ಯೂಲೀನ್ ತನ್ನ ದಡಾರಕ್ಕೆ ತಾನೇ ಹೆದರಿದ್ದಾಳೆ. ತಾನುಳಿಯಲು ಪಕ್ಕದವಳನ್ನು ಮುಂದೆ ತಳ್ಳಿದ್ದಾಳೆ. ಬೇ ರಮ್ ತಿಕ್ಕಿದ ಕೈಯಿಂದಲೇ.

ಮೇಲ್ವಿಚಾರಕಿ ಮಿಸೆಸ್ ಗಿಟ್ಟೆನ್ಸ್‌ಗೆ ಗಾಜಿನ ಕೋಣೆ. ದ್ವೀಪದ ಆಚೆ ತುದಿಯಲ್ಲಿ ಇರುವೆ ಸೀನಿದರೂ ಆಕೆಗೆ ಕೇಳುತ್ತದೆ. ಮಾರ್ವಾ ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಒಳಗೆ ಹೋದಳು.

"ಮೇಡಂ, ಆ ಕೀಬೋರ್ಡ್ ತಪ್ಪು ಮೇಜಿಗೆ ಬಂದಿದೆ."

ಗಿಟ್ಟೆನ್ಸ್ ಕನ್ನಡಕದ ಮೇಲಿಂದ ನೋಡಿದಳು. "ಯಾರ ಮೇಜಿಗೆ ಹೋಗ್ಬೇಕಿತ್ತು?"

"ಯೂಲೀನಳ ಮೇಜಿಗೆ. ಕೈ ಕೆಟ್ಟಿರೋದು ಅವಳಿಗೆ. ಬೇಕಾದ್ರೆ ಪಟ್ಟಿ ನೋಡಿ."

"ನೋಡಿದೀನಿ. ಇದ್ರಲ್ಲಿ ಕೆಲ್ಸ ಮಾಡಿದ್ರೆ ಅವಳ ಕೈ ಸುಧಾರಿಸುತ್ತೆ ಅಂತೀಯಾ?"

ಮಾರ್ವಾ ಬೆನ್ನ ಹಿಂದಿನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. 

"ಇಲ್ಲ ಮೇಡಂ. ಮುಗೀತು ಆ ಕೈ. ಲೋಟ ಹಿಡಿಯೋಕೂ ಆಗಲ್ಲ ಅವಳಿಗೆ."

ಆ ದಿನ ಬೆಳಗ್ಗೆ ಲೋಟ ಬಿದ್ದದ್ದು ಮಾರ್ವಾಳ ಕೈಯಿಂದ.

"ಇನ್ನಷ್ಟು ದಿನ ನೋಡೋಣ ಅಂತಿದ್ದೆ," ಎಂದಳು ಗಿಟ್ಟೆನ್ಸ್. "ಜೀವದ ಗೆಳತಿ ನೀನೇ ಹೇಳಿದ್ಮೇಲೆ ಇನ್ನೇನು."

ಮಧ್ಯಾಹ್ನದೊಳಗೆ ಯೂಲೀನ್ ತನ್ನ ಸ್ವೆಟರ್, ಲೋಟ ಚೀಲಕ್ಕೆ ತುಂಬಿಕೊಂಡಳು. ಗಾಜಿನ ಕೋಣೆಯಲ್ಲಿ ಯಾರು ನಿಂತಿದ್ದರೆಂದು ಇಡೀ ಹಾಲ್ ನೋಡಿತ್ತು. ಅವಳೂ ನೋಡಿದ್ದಳು. ಮಾರ್ವಾಳ ಕುರ್ಚಿಯ ಹಿಂದೆ ಒಂದು ಗಳಿಗೆ ನಿಂತಳು.

"ಒತ್ತುವಾಗ ಮಣಿಕಟ್ಟನ್ನ ಮೇಲಕ್ಕೆ ಬಗ್ಗಿಸ್ಬೇಡ," ಎಂದಳು. ಅಷ್ಟೇ.

ಮಾರ್ವಾ ತಿರುಗಲಿಲ್ಲ. "ಮೋಸಗಾತಿ," ಎಂದಳು, ಕೇಳಿಸುವಷ್ಟು ಜೋರಾಗಿ.

ಖಾಲಿ ಸೀಟಿಗೆ ಹಿಂದಿನ ಸಾಲಿನ ಡಾರ್ನೆಲ್ ಬಂದಳು. ಬೆಟ್ಟದಂಥ ಮೈ, ಅದಕ್ಕೆ ತಕ್ಕ ಗಂಟಲು. ಮಾರ್ವಾ ಸೀಳು ಕೀಬೋರ್ಡನ್ನು ಅವಳತ್ತ ತಳ್ಳಿದಳು. "ತಗೋ, ಇದು ನಿನ್ನ ಸೀಟಿಂದು."

ಡಾರ್ನೆಲ್ ಅದನ್ನು ಮಗುಚಿದಳು. ಅಡಿಯಲ್ಲಿ ಚೀಟಿ ಅಂಟಿಸಿತ್ತು. "ಹೌದಲ್ಲೇ. ಮೂವತ್ತೊಂದು, ಯೂಲೀನ್ ನಂಬರ್. ‘ನನ್ನ ಕೈ ಕೆಟ್ಟಿದೆ, ಕೊಡಿ’ ಅಂತ ಬರೆದು ಅವಳದೇ ಸಹಿ. ಮತ್ತೆ ನಿನ್ನ ಮೇಜಲ್ಲಿ ಏನ್ ಮಾಡ್ತಿತ್ತು?"

 ಮಾರ್ವಾ ತನ್ನ ಹಳೆಯ ಕೀಬೋರ್ಡ್ ಎಳೆದುಕೊಂಡು ಒತ್ತತೊಡಗಿದಳು. ಅವಳು ಮುಗಿಸಿದ ಟಿಕೆಟ್‌ಗಳನ್ನು ಡಾರ್ನೆಲ್ ಎತ್ತಿಕೊಂಡಳು.

ಕೀಂ. ಡಾರ್ನೆಲ್ ಟಿಕೆಟ್ ನೋಡಿದಳು, ಪರದೆ ನೋಡಿದಳು, ಗುರುತು ಹಾಕಿದಳು. ಕೀಂ. ಮತ್ತೆ ಕೀಂ. ಹತ್ತು ನಿಮಿಷಕ್ಕೆ ಏಳು.

"ಏಳಕ್ಕೆ ಏಳೂ ನಿಂದೇ ತಪ್ಪಲ್ಲೇ ಮಾರ್ವಾ," ಎಂದಳು ಡಾರ್ನೆಲ್, ಇಡೀ ಹಾಲ್‌ಗೆ ಕೇಳುವಂತೆ. "ಇಷ್ಟು ದಿನ ಯೂಲೀನ್ ಇವನ್ನೆಲ್ಲ ಯಾರ ನಂಬರಿಗೆ ಹಾಕ್ತಿದ್ಲು?"